ಸರೌಂಡ್ ಸದ್ದನ್ನು ಬಿಚ್ಚುವ ಕೆಲಸ ಪ್ಲೇಯರಿನದೋ, ರಿಸೀವರಿನದೋ?

ಬ್ಲೂ-ರೇ ಪ್ಲೇಯರ್ ಕೊಂಡವರು ಒಂದಲ್ಲ ಒಂದು ದಿನ ಸೆಟ್ಟಿಂಗ್ಸ್ ಒಳಗೆ ಇಳಿಯುತ್ತಾರೆ. ಅಲ್ಲಿ ಆಡಿಯೊ ಔಟ್‌ಪುಟ್ ಅಂತ ಒಂದು ಸಾಲು. ಅದರೆದುರು ಎರಡು ಆಯ್ಕೆ: ಪಿಸಿಎಂ, ಬಿಟ್‌ಸ್ಟ್ರೀಮ್. ಯಾವುದನ್ನು ಹಾಕಬೇಕು ಅಂತ ಅಂಗಡಿಯಲ್ಲಿ ಕೇಳಿದರೆ "ಬಿಟ್‌ಸ್ಟ್ರೀಮ್ ಹಾಕಿ ಸಾರ್, ಕ್ವಾಲಿಟಿ ಜಾಸ್ತಿ" ಎಂಬ ಉತ್ತರ ಸಿಗುತ್ತದೆ. ಸಲಹೆ ಬಹುಮಟ್ಟಿಗೆ ಸರಿ. ಕೊಡುವ ಕಾರಣ ಮಾತ್ರ ತಪ್ಪು.

ಸರೌಂಡ್ ಸದ್ದು ಡಿಸ್ಕಿನಲ್ಲಿ ಸಾಮಾನ್ಯವಾಗಿ ಬಿಡಿಬಿಡಿಯಾಗಿ ಇರುವುದಿಲ್ಲ. ಡಾಲ್ಬಿ ಅಥವಾ ಡಿಟಿಎಸ್ ವಿಧಾನದಲ್ಲಿ ಒತ್ತಿ ಕಟ್ಟಿ ಇಟ್ಟಿರುತ್ತಾರೆ. ಯಾರಾದರೂ ಅದನ್ನು ಬಿಚ್ಚಲೇಬೇಕು. ಆ ಕೆಲಸವೇ ಡಿಕೋಡಿಂಗ್. ಪಿಸಿಎಂ ಆರಿಸಿದರೆ ಪ್ಲೇಯರ್ ತಾನೇ ಬಿಚ್ಚಿ ಮುಂದಿನದು, ನಡುವಿನದು, ಹಿಂದಿನದು, ಸಬ್‌ವೂಫರಿನದು ಅಂತ ಒಂದೊಂದು ಚಾನೆಲ್ಲನ್ನೂ ಬೇರೆ ಮಾಡಿ ಕೊಡುತ್ತದೆ. ಬಿಟ್‌ಸ್ಟ್ರೀಮ್ ಆರಿಸಿದರೆ ಕಟ್ಟನ್ನು ಮುಟ್ಟದೆ ಹಾಗೇ ರಿಸೀವರಿಗೆ, ಅಂದರೆ ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆಗೆ, ದಾಟಿಸುತ್ತದೆ.

ಡಿಸ್ಕಿನ ಕಾಲವೇ ಮುಗಿಯುತ್ತಾ ಬಂತಲ್ಲ, ಈಗ ಇದನ್ನು ಕೆದಕುವುದೇಕೆ ಅನ್ನಿಸಬಹುದು. ಆಪ್ಪೊ 2018ರಲ್ಲಿ ಪ್ಲೇಯರ್ ಮಾಡುವುದನ್ನು ನಿಲ್ಲಿಸಿತು. ಮರುವರ್ಷ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಪ್ಲೇಯರ್ ತರುವುದನ್ನು ಬಿಟ್ಟಿತು. 2024ರ ಕೊನೆಗೆ ಎಲ್‌ಜಿಯೂ ಈ ಸಹವಾಸ ಸಾಕು ಅಂದಿತು. ಆದರೂ ಪ್ರಶ್ನೆ ಸತ್ತಿಲ್ಲ. ಪ್ಲೇಯರ್ ಇದ್ದ ಜಾಗಕ್ಕೆ ಸ್ಟ್ರೀಮಿಂಗ್ ಬಾಕ್ಸ್ ಬಂದಿದೆ, ರಿಸೀವರ್ ಇದ್ದ ಜಾಗಕ್ಕೆ ಸೌಂಡ್‌ಬಾರ್ ಬಂದಿದೆ, ನಡುವೆ ಟಿವಿ ಬೇರೆ ಕೈ ಹಾಕುತ್ತಿದೆ. ಡಿಕೋಡ್ ಯಾರು ಮಾಡಬೇಕು ಎಂಬ ಜಗಳದಲ್ಲಿ ಇಬ್ಬರಿದ್ದವರು ಈಗ ಮೂವರಾಗಿದ್ದಾರೆ.

ಮೊದಲು ಕ್ವಾಲಿಟಿ ಮಾತನ್ನು ಮುಗಿಸಿಬಿಡೋಣ. ಬ್ಲೂ-ರೇಯಲ್ಲಿ ಬರುವ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎರಡೂ ಒಂದು ಬಿಟ್ ಕೂಡ ಕಳೆಯದ ವಿಧಾನಗಳು. ಒತ್ತುವ ಮೊದಲು ಸ್ಟುಡಿಯೋದಲ್ಲಿ ಯಾವ ಅಂಕಿಗಳಿದ್ದವೋ ಬಿಚ್ಚಿದ ಮೇಲೆ ಅವೇ ಅಂಕಿಗಳು ಬರಬೇಕು, ಬರುತ್ತವೆ. ಈ ಲೆಕ್ಕವನ್ನು ಮೂರು ಸಾವಿರದ ಪ್ಲೇಯರ್ ಮಾಡಿದರೂ ಮೂರು ಲಕ್ಷದ ರಿಸೀವರ್ ಮಾಡಿದರೂ ಉತ್ತರ ಒಂದೇ. ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಎರಡೂ ದಾರಿಯಲ್ಲಿ ಸದ್ದು ಅಂಕಿಯಾಗಿಯೇ ರಿಸೀವರಿನ ಒಳಗೆ ಹೋಗುತ್ತದೆ. ಅಂಕಿಯನ್ನು ವಿದ್ಯುತ್ ಅಲೆಯಾಗಿ ಮಾಡುವ ಡ್ಯಾಕ್ ಚಿಪ್ಪು ಎರಡೂ ಸಲ ರಿಸೀವರಿನದೇ. "ನನ್ನ ಪ್ಲೇಯರಿನ ಡ್ಯಾಕ್ ಒಳ್ಳೆಯದು, ಅದಕ್ಕೇ ಪಿಸಿಎಂ ಹಾಕಿದ್ದೇನೆ" ಅನ್ನುವವರಿದ್ದಾರೆ. ಎಚ್‌ಡಿಎಂಐ ಮೂಲಕ ಕೇಳುವಾಗ ಆ ಡ್ಯಾಕ್ ಕೆಲಸಕ್ಕೇ ಬರುವುದಿಲ್ಲ.

ಹಾಗಾದರೆ ಎರಡರ ನಡುವೆ ವ್ಯತ್ಯಾಸ ಕೇಳಿದೆ ಅನ್ನುವವರೆಲ್ಲ ಸುಮ್ನೆ ಹೇಳುತ್ತಾರಾ? ಇಲ್ಲ, ಎಷ್ಟೋ ಸಲ ವ್ಯತ್ಯಾಸ ನಿಜಕ್ಕೂ ಇರುತ್ತದೆ. ಅದು ಮಟ್ಟದ ವ್ಯತ್ಯಾಸ. ಡಾಲ್ಬಿ ಟ್ರ್ಯಾಕಿನ ಜೊತೆ ಡೈಲಾಗ್‌ನಾರ್ಮ್ ಎಂಬ ಸಣ್ಣ ಸೂಚನೆ ಇರುತ್ತದೆ. ಒಂದು ಸಿನಿಮಾದಿಂದ ಇನ್ನೊಂದಕ್ಕೆ ಹೋದಾಗ ಮಾತಿನ ಮಟ್ಟ ಒಂದೇ ಇರಲಿ ಅಂತ "ಇಷ್ಟು ತಗ್ಗಿಸು" ಎಂದು ಅದು ಡಿಕೋಡರಿಗೆ ಹೇಳುತ್ತದೆ. ಸಿನಿಮಾಗಳಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಸೂಚನೆ 4 ಡೆಸಿಬೆಲ್ ತಗ್ಗಿಸು ಅನ್ನುವುದು. ಒಂದು ಪೆಟ್ಟಿಗೆ ಇದನ್ನು ಪಾಲಿಸಿ ಇನ್ನೊಂದು ಪಾಲಿಸದೆ ಇದ್ದರೆ ಆಯಿತು, ಎರಡನೆಯದು 4 ಡೆಸಿಬೆಲ್ ಜೋರಾಗಿ ಕೇಳುತ್ತದೆ. ಜೋರಾಗಿ ಕೇಳಿದ್ದನ್ನು ನಮ್ಮ ಕಿವಿ ಚೆನ್ನಾಗಿದೆ ಅಂತಲೇ ಓದುತ್ತದೆ.

ಇನ್ನೊಬ್ಬ ಕಳ್ಳ ಇದ್ದಾನೆ. ಪ್ಲೇಯರಿನ ಮೆನುವಿನಲ್ಲಿ ಡಿಆರ್‌ಸಿ ಅಂತ ಒಂದು ಆಯ್ಕೆ ಇರುತ್ತದೆ. ರಾತ್ರಿ ಹೊತ್ತು ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಗುಂಡಿನ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಏರಿಸುವ ಸೌಲಭ್ಯ. ಪ್ಲೇಯರೇ ಡಿಕೋಡ್ ಮಾಡುವಾಗ ಇದು ಆಫ್ ಆಗಿಲ್ಲದಿದ್ದರೆ ಸದ್ದಿನ ಏರಿಳಿತವೆಲ್ಲ ಚಪ್ಪಟೆ. ಬಿಟ್‌ಸ್ಟ್ರೀಮ್ ಕಳಿಸಿದಾಗ ಪ್ಲೇಯರಿನ ಈ ಆಯ್ಕೆಗೆ ಅಲ್ಲಿ ಕೆಲಸವಿಲ್ಲ. ಪಿಸಿಎಂಗೆ "ಪಂಚ್ ಇಲ್ಲ" ಎಂಬ ಅಪವಾದ ಬರಲು ಇಂಥ ಸಣ್ಣಪುಟ್ಟ ಆಯ್ಕೆಗಳೇ ಕಾರಣ.

ಹಾಗಾಗಿ ಡಿಕೋಡ್ ಎಲ್ಲಿ ಆದರೇನು ಅಂತ ಕೈ ಬಿಡಬಹುದಿತ್ತು. ಆದರೆ ಬಿಚ್ಚಿದ ಮೇಲೆ ಮಾಡುವ ಕೆಲಸ ಬಿಚ್ಚುವುದಕ್ಕಿಂತ ದೊಡ್ಡದು.

ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ನಮ್ಮ ಮನೆಗಳಲ್ಲಿ ಸೋಫಾ ಗೋಡೆಗೆ ಆತುಕೊಂಡೇ ಇರುತ್ತದೆ. ಹಿಂದಿನ ಸ್ಪೀಕರ್ ತಲೆಯ ಹತ್ತಿರ, ಮುಂದಿನದು ಟಿವಿ ಪಕ್ಕ. ಹಿಂದಿನದು ಎರಡು ಮೀಟರ್ ಹತ್ತಿರ ಇದ್ದರೆ ಅದರ ಸದ್ದನ್ನು ಸುಮಾರು 6 ಮಿಲಿಸೆಕೆಂಡ್ ತಡೆದು ಬಿಡಬೇಕು. ಸಣ್ಣ ಸ್ಪೀಕರಿಗೆ 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದು ಕೊಡದೆ ಅದನ್ನು ಸಬ್‌ವೂಫರಿಗೆ ತಿರುಗಿಸಬೇಕು. ಮೂಲೆಯಲ್ಲಿಟ್ಟ ಸಬ್‌ವೂಫರ್ ಗುಂಯ್‌ಗುಡುವುದನ್ನು ತಗ್ಗಿಸಬೇಕು. ಇದಕ್ಕೆಲ್ಲ ಕೋಣೆ ಹೇಗಿದೆ, ಎಷ್ಟು ಸ್ಪೀಕರ್ ಇವೆ, ಎಲ್ಲಿವೆ ಅಂತ ಗೊತ್ತಿರಬೇಕು. ರಿಸೀವರಿಗೆ ಅದು ಗೊತ್ತು. ಡಬ್ಬದ ಜೊತೆ ಬರುವ ಪುಟ್ಟ ಮೈಕನ್ನು ಕೂರುವ ಜಾಗದಲ್ಲಿಟ್ಟು, ಟುಯ್ ಟುಯ್ ಅಂತ ಸದ್ದು ಮಾಡಿಸಿ, ಆಡಿಸಿಯೋ ಡಿರಾಕೋ ಕೋಣೆ ಅಳೆಯುವ ಯಾವುದೋ ಒಂದು ಸಾಫ್ಟ್‌ವೇರಿನಲ್ಲಿ ಅಳತೆ ತೆಗೆದಿರುತ್ತೀರಿ. ಆ ಅಳತೆ ಪ್ಲೇಯರಿಗೆ ಗೊತ್ತಿಲ್ಲ. ಗೊತ್ತಾಗಲು ದಾರಿಯೂ ಇಲ್ಲ.

ನನ್ನ ಪ್ರಕಾರ ಈ ಇಡೀ ಚರ್ಚೆಗೆ ಇದೊಂದೇ ಅಳತೆಗೋಲು. ಕೋಣೆಯನ್ನು ಬಲ್ಲ ಪೆಟ್ಟಿಗೆಗೇ ಕೊನೆಯ ಮಾತು ಸಿಗಬೇಕು. ಅದಕ್ಕೆ ಮೊದಲು ಯಾರು ಬಿಚ್ಚಿದರೂ ಅಡ್ಡಿಯಿಲ್ಲ, ಬಿಚ್ಚುವಾಗ ಏನನ್ನೂ ಉದುರಿಸಬಾರದು ಅಷ್ಟೆ. ಕಳೆದ ಮೂರು ದಶಕಗಳ ಕಥೆಯನ್ನು ಈ ಕೋಲಿನಲ್ಲಿ ಅಳೆದರೆ ಯಾವಾಗ ಯಾವುದು ಸರಿಯಿತ್ತು ಅಂತ ಕಾಣುತ್ತದೆ.

ಡಿವಿಡಿ 1996ರ ಕೊನೆಗೆ ಜಪಾನಿನಲ್ಲಿ ಬಂದಾಗ ಹೊರಗಡೆ ಸಾಗಿಸಲು ಇದ್ದ ಡಿಜಿಟಲ್ ದಾರಿ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ತಂತಿ. ಸಿಡಿಯ ಎರಡು ಚಾನೆಲ್ಲಿಗೆ ಅಂತ ಸೋನಿ, ಫಿಲಿಪ್ಸ್ ಸೇರಿ ಮಾಡಿದ್ದು. ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಆಸುಪಾಸಿನ ಸ್ಟೀರಿಯೊ ಸಾಗಿಸಲು ಅದು ಸಾಕು. ಬಿಚ್ಚಿದ ಆರು ಚಾನೆಲ್ ಅದರಲ್ಲಿ ಹಿಡಿಸುವುದಿಲ್ಲ. ಕಟ್ಟಿದ ಡಾಲ್ಬಿ ಡಿಜಿಟಲ್ ಹಿಡಿಸುತ್ತದೆ, ಯಾಕೆಂದರೆ ಡಿವಿಡಿಯಲ್ಲಿ ಅದರ ಗರಿಷ್ಠ ಮಿತಿ ಸೆಕೆಂಡಿಗೆ 448 ಕಿಲೋಬಿಟ್. ಡಿಟಿಎಸ್ ತುಂಬು ದರದಲ್ಲಿ 1509 ಕಿಲೋಬಿಟ್, ಅದೂ ಕಷ್ಟಪಟ್ಟು ತೂರುತ್ತದೆ. ಹಾಗಾಗಿ ಆ ಕಾಲದಲ್ಲಿ ಡಿಜಿಟಲ್ ಆಗಿ 5.1 (ಐದು ಚಾನೆಲ್, ಜೊತೆಗೆ ಸಬ್‌ವೂಫರಿನದೊಂದು) ಬೇಕಿದ್ದರೆ ರಿಸೀವರೇ ಡಿಕೋಡ್ ಮಾಡಬೇಕಿತ್ತು. ವಾದಕ್ಕೆ ಎಡೆಯೇ ಇರಲಿಲ್ಲ.

ಭಾರತದಲ್ಲಿ ಆಗಿದ್ದು ಬೇರೆ. ಡಾಲ್ಬಿ ಡಿಕೋಡರ್ ಇರುವ ಬ್ರ್ಯಾಂಡೆಡ್ ರಿಸೀವರ್ ಸಂಬಳದವರ ಕೈಗೆ ಎಟುಕುವ ಸಾಮಾನಾಗಿರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಅಂಥದೇ ಊರೂರಿನ ಎಲೆಕ್ಟ್ರಾನಿಕ್ಸ್ ಬೀದಿಗಳಲ್ಲಿ ಸಿಗುತ್ತಿದ್ದದ್ದು ಅಸೆಂಬಲ್ಡ್ ಆಂಪ್ಲಿಫೈಯರ್. ಕಬ್ಬಿಣದ ಡಬ್ಬ, ಮುಂದೆ ನೀಲಿ ಎಲ್‌ಇಡಿ, ಹಿಂದೆ ಆರು ಆರ್‌ಸಿಎ ತೂತು. ಅದಕ್ಕೆ ಡಿಕೋಡಿಂಗ್ ಗೀಕೋಡಿಂಗ್ ಏನೂ ಗೊತ್ತಿಲ್ಲ, ಬಂದದ್ದನ್ನು ಜೋರು ಮಾಡುತ್ತದೆ ಅಷ್ಟೆ. ಆದರೆ ಅಗ್ಗದ ಡಿವಿಡಿ ಪ್ಲೇಯರುಗಳ ಹಿಂದೆಯೂ 5.1 ಅಂತ ಬರೆದ ಆರು ತೂತು ಇರುತ್ತಿದ್ದವು. ಪ್ಲೇಯರ್ ಬಿಚ್ಚಿ ಕೊಡುತ್ತಿತ್ತು, ಆರು ತಂತಿ ಸಿಕ್ಕಿಸಿದರೆ ಹಾಲಿನಲ್ಲಿ ಸರೌಂಡ್ ರೆಡಿ. ಶ್ರೀಮಂತ ದೇಶಗಳಲ್ಲಿ ರಿಸೀವರ್ ಮಾಡುತ್ತಿದ್ದ ಕೆಲಸವನ್ನು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪ್ಲೇಯರೇ ಮಾಡಿತು. ಇದನ್ನು ಯಾರೂ ಸಿದ್ಧಾಂತ ಮಾಡಿ ಆರಿಸಿಕೊಂಡದ್ದಲ್ಲ, ಜೇಬು ಆರಿಸಿದ್ದು.

ಆದರೆ ಆ ವ್ಯವಸ್ಥೆಯಲ್ಲಿ ಹಾಕುತ್ತಿದ್ದ ತಟ್ಟೆ ಬಹಳ ಸಲ ವಿಸಿಡಿ. ವಿಸಿಡಿಯಲ್ಲಿ ಇರುವುದೇ ಎರಡು ಚಾನೆಲ್. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರು ಮಾಡಿದ ಮೇಲೆ ಆರು ರೂಪಾಯಿ ಜಾಸ್ತಿ ಕೊಟ್ಟರೆ ನಿಜವಾದ 5.1 ಸಿಗುವ ಅವಕಾಶವಾದರೂ ಬಂತು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಹಿಂದಿನ ಸ್ಪೀಕರಿನಲ್ಲಿ ಕೇಳುತ್ತಿದ್ದದ್ದು ಮುಂದಿನದೇ ಸದ್ದಿನ ನಕಲು. ಆಗ ಅದು ಯಾರಿಗೂ ಬೇಸರ ತರಲಿಲ್ಲ ಅನ್ನುವುದು ಬೇರೆ ಮಾತು.

ಪ್ಲೇಯರ್ ಡಿಕೋಡ್ ಮಾಡುವ ವ್ಯವಸ್ಥೆಯ ನಿಜವಾದ ದೋಷ ಹೊರಬಿದ್ದದ್ದು ದುಡ್ಡಿದ್ದವರ ಮನೆಯಲ್ಲಿ. 1999ರಲ್ಲಿ ಸೂಪರ್ ಆಡಿಯೊ ಸಿಡಿ, ಮರುವರ್ಷ ಡಿವಿಡಿ-ಆಡಿಯೊ ಬಂದವು. ಸಿಡಿಗಿಂತ ಮೇಲ್ಮಟ್ಟದ, ಬಹು ಚಾನೆಲ್ಲಿನ ಸಂಗೀತ. ಆಪ್ಟಿಕಲ್ ತಂತಿಯಲ್ಲಿ ಅದು ಹಿಡಿಸುವುದಿಲ್ಲ. ಹಿಡಿಸಿದರೂ ನಕಲಿನ ಭಯಕ್ಕೆ ಕಂಪನಿಗಳು ಬಿಡುತ್ತಿರಲಿಲ್ಲ. ಹಾಗಾಗಿ ಪ್ಲೇಯರೇ ಬಿಚ್ಚಿ ಆರು ಅನಲಾಗ್ ತಂತಿಯಲ್ಲಿ ಕೊಡಬೇಕಾಯಿತು. ಬಹುಪಾಲು ರಿಸೀವರುಗಳು ಆ ಆರು ತಂತಿಯ ಸದ್ದನ್ನು ನೇರ ವಾಲ್ಯೂಮಿಗೆ ಕೊಟ್ಟುಬಿಡುತ್ತಿದ್ದವು. ದೂರದ ಲೆಕ್ಕ ಇಲ್ಲ, 80 ಹರ್ಟ್ಸ್ ತಿರುವು ಇಲ್ಲ. ಸಬ್‌ವೂಫರ್ ಚಾನೆಲ್ಲಿಗೆ ಕೊಡಬೇಕಾದ 10 ಡೆಸಿಬೆಲ್ ಹೆಚ್ಚುವರಿಯನ್ನೂ ಎಷ್ಟೋ ಕಡೆ ಇಬ್ಬರೂ ಕೊಡುತ್ತಿರಲಿಲ್ಲ. ಪ್ಲೇಯರ್ ಅದು ರಿಸೀವರಿನ ಕೆಲಸ ಅಂದುಕೊಂಡಿತ್ತು, ರಿಸೀವರ್ ಪ್ಲೇಯರಿನದು ಅಂದುಕೊಂಡಿತ್ತು. ಕಾಗದದ ಮೇಲೆ ಅತ್ಯುತ್ತಮ ಸದ್ದು. ಮನೆಯಲ್ಲಿ ಹಳೆಯ ಡಿವಿಡಿಯೇ ಇದಕ್ಕಿಂತ ತುಂಬಿಕೊಂಡು ಕೇಳುತ್ತಿತ್ತು.

ಈ ಗಂಟನ್ನು ಬಿಡಿಸಿದ್ದು ಎಚ್‌ಡಿಎಂಐ. 2002ರ ಡಿಸೆಂಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಎಂಟು ಚಾನೆಲ್ ಪಿಸಿಎಂ ಸಾಗಿಸುವ ತಾಕತ್ತಿತ್ತು. ಪ್ಲೇಯರ್ ಬಿಚ್ಚಿದರೂ ಸದ್ದು ಅಂಕಿಯಾಗಿಯೇ ಉಳಿದು ರಿಸೀವರಿಗೆ ಬರುವುದರಿಂದ, ದೂರ, ತಿರುವು, ಕೋಣೆಯ ತಿದ್ದುಪಡಿ ಎಲ್ಲವನ್ನೂ ರಿಸೀವರ್ ಹಾಕಬಹುದು. ಅಂದರೆ ಬಿಚ್ಚುವವರು ಯಾರೇ ಇರಲಿ, ಕೊನೆಯ ಮಾತು ಕೋಣೆ ಬಲ್ಲವರದೇ ಆಯಿತು.

2006ರಲ್ಲಿ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಬಂದಾಗ ಅವುಗಳನ್ನು ರೂಪಿಸಿದವರ ಮನಸ್ಸು ಇದ್ದದ್ದು ಪ್ಲೇಯರಿನ ಕಡೆಗೇ. ಅದಕ್ಕೆ ಗಟ್ಟಿ ಕಾರಣವೂ ಇತ್ತು. ಸಿನಿಮಾ ನಡೆಯುವಾಗಲೇ ಮೂಲೆಯ ಸಣ್ಣ ಚೌಕದಲ್ಲಿ ನಿರ್ದೇಶಕರು ಬಂದು ಮಾತಾಡಬಹುದು, ಮೆನು ಒತ್ತಿದರೆ ಟಿಕ್ ಅನ್ನಬಹುದು. ಆ ಸದ್ದುಗಳನ್ನು ಸಿನಿಮಾದ ಸದ್ದಿನೊಳಗೆ ಬೆರೆಸಬೇಕು. ಕಟ್ಟಿದ ಸದ್ದಿಗೆ ಏನನ್ನೂ ಬೆರೆಸಲಾಗದು, ಮೊದಲು ಬಿಚ್ಚಲೇಬೇಕು. ಆದ್ದರಿಂದ ಪ್ಲೇಯರ್ ಬಿಚ್ಚಿ, ಬೆರೆಸಿ, ಪಿಸಿಎಂ ಮಾಡಿ ಕಳಿಸಲಿ ಎಂಬುದು ಯೋಜನೆ.

ಅದೇ ವರ್ಷದ ಕೊನೆಗೆ ಬಂದ ಪ್ಲೇಸ್ಟೇಷನ್ 3 ಆ ದಾರಿಯಲ್ಲೇ ನಡೆಯಿತು. ಹಳೆಯ ದಪ್ಪ ಪಿಎಸ್3ಗೆ ಟ್ರೂಎಚ್‌ಡಿಯನ್ನಾಗಲಿ ಡಿಟಿಎಸ್-ಎಚ್‌ಡಿಯನ್ನಾಗಲಿ ಕಟ್ಟಿದ ಹಾಗೇ ಹೊರಗೆ ಕಳಿಸಲು ಬರುತ್ತಿರಲಿಲ್ಲ. ಬದಲಿಗೆ ತಾನೇ ಬಿಚ್ಚುತ್ತಿತ್ತು. ಡಿಟಿಎಸ್-ಎಚ್‌ಡಿ ಬಿಚ್ಚುವ ವಿದ್ಯೆ 2008ರ ಏಪ್ರಿಲ್‌ನಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಬಂತು. ಮನೆಯ ರಿಸೀವರ್ ಹಳೆಯದಾದರೂ ಎಚ್‌ಡಿಎಂಐಯಲ್ಲಿ ಬಹು ಚಾನೆಲ್ ಪಿಸಿಎಂ ತೆಗೆದುಕೊಂಡರೆ ಸಾಕು, ಹೊಸ ಸದ್ದು ಪೂರ್ತಿ ಸಿಗುತ್ತಿತ್ತು. ಪಿಸಿಎಂ ದಾರಿಯ ಅತಿ ದೊಡ್ಡ ಲಾಭ ಇದು. ಹೊಸ ವಿಧಾನ ಬಂದಾಗಲೆಲ್ಲ ರಿಸೀವರ್ ಬದಲಿಸಬೇಕಿಲ್ಲ.

ಆದರೂ ಮಾರುಕಟ್ಟೆ ಒಪ್ಪಲಿಲ್ಲ. 2006ರ ಜೂನಿನಲ್ಲಿ ಬಂದ ಎಚ್‌ಡಿಎಂಐ 1.3 ಈ ಹೊಸ ಕಟ್ಟುಗಳನ್ನು ಹಾಗೇ ದಾಟಿಸಲು ಅನುವು ಮಾಡಿತು. ಮರುವರ್ಷದಿಂದ ರಿಸೀವರುಗಳ ಮುಖದ ಮೇಲೆ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಲೋಗೋಗಳು ಬಂದವು. ಜನಕ್ಕೆ ಡಬ್ಬದ ಮೇಲೆ ಆ ಹೆಸರು ಹೊತ್ತಿಕೊಂಡರೇ ಸಮಾಧಾನ. ಪಿಸಿಎಂನಲ್ಲಿ ಬಂದರೆ ಡಿಸ್‌ಪ್ಲೇಯಲ್ಲಿ ಸಪ್ಪೆಯಾಗಿ 'ಮಲ್ಟಿ ಚಾನೆಲ್ ಇನ್' ಅಂತ ಬರುತ್ತದೆ. ಇಷ್ಟು ದುಡ್ಡು ಕೊಟ್ಟು 'ಮಲ್ಟಿ ಚಾನೆಲ್ ಇನ್' ನೋಡಬೇಕಾ? 2009ರ ತೆಳ್ಳಗಿನ ಪಿಎಸ್3ಗೂ ಬಿಟ್‌ಸ್ಟ್ರೀಮ್ ಕಲಿಸಬೇಕಾಯಿತು. ತಾಂತ್ರಿಕವಾಗಿ ಬಿದ್ದದ್ದಕ್ಕಿಂತ ಹೆಚ್ಚಾಗಿ ಪಿಸಿಎಂ ಈ ಲೈಟಿನ ಮುಂದೆ ಬಿತ್ತು ಅಂತ ನನಗೆ ಅನ್ನಿಸುವುದು. ನಿರ್ದೇಶಕರು ಮೂಲೆಯ ಚೌಕದಲ್ಲಿ ಬಂದು ಮಾತಾಡುವುದನ್ನು ಎಷ್ಟು ಜನ ನೋಡಿದರೋ ದೇವರೇ ಬಲ್ಲ.

2014ರವರೆಗೆ ಇದು ಹರಟೆಗೆ ಒಳ್ಳೆಯ ವಿಷಯವಾಗಿತ್ತು, ಅಷ್ಟೆ. ಎರಡೂ ದಾರಿ ಒಂದೇ ಊರಿಗೆ ಹೋಗುತ್ತಿದ್ದವು. ಆ ವರ್ಷ ಡಾಲ್ಬಿ ಅಟ್ಮಾಸ್ ಮನೆಗೆ ಬಂತು, ಮರುವರ್ಷ ಅಂಥದೇ ಡಿಟಿಎಸ್:ಎಕ್ಸ್.

ಅದಕ್ಕೆ ಮೊದಲು ಸದ್ದನ್ನು ಚಾನೆಲ್ಲಿಗೆ ಬರೆದಿಡುತ್ತಿದ್ದರು. ಎಡ ಹಿಂದಿನ ಸ್ಪೀಕರಿಗೆ ಇದು, ಬಲ ಹಿಂದಿನದಕ್ಕೆ ಅದು. ಅಟ್ಮಾಸ್‌ನಲ್ಲಿ ಜೊತೆಗೆ ವಸ್ತುಗಳೂ ಇರುತ್ತವೆ. ಹೆಲಿಕಾಪ್ಟರಿನ ಸದ್ದು ಒಂದು ಕಡೆ. ಅದು ಈ ಕ್ಷಣ ತಲೆಯ ಮೇಲೆ ಎಡಕ್ಕಿದೆ, ಮುಂದಿನ ಕ್ಷಣ ಹಿಂದೆ ಹೋಗುತ್ತಿದೆ ಎಂಬ ವಿವರ ಇನ್ನೊಂದು ಕಡೆ. ಯಾವ ಸ್ಪೀಕರಿನಲ್ಲಿ ಎಷ್ಟು ಕೊಡಬೇಕು ಅಂತ ಅಲ್ಲಿ ಬರೆದಿಲ್ಲ. ಅದನ್ನು ಕೇಳುವ ಜಾಗದಲ್ಲೇ ಲೆಕ್ಕ ಹಾಕಬೇಕು. ಛಾವಣಿಯಲ್ಲಿ ಎರಡೇ ಸ್ಪೀಕರ್ ಇರುವ ಮನೆಗೂ ನಾಲ್ಕಿರುವ ಮನೆಗೂ ಉತ್ತರ ಬೇರೆ. ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದ್ದಾರೆ, ಯಾವ ಎಲೆ ಎಲ್ಲಿದೆ ಅಂತ ಬಡಿಸುವವನಿಗೇ ಗೊತ್ತಿರಬೇಕು. ಅಡುಗೆಮನೆಯಲ್ಲಿ ಕೂತವನು ಸೌಟು ಲೆಕ್ಕ ಮಾಡಿ ಕಳಿಸಲಾಗುವುದಿಲ್ಲ.

ಡಿಸ್ಕ್ ಪ್ಲೇಯರ್ ಅಟ್ಮಾಸ್ ಟ್ರ್ಯಾಕನ್ನು ತಾನೇ ಬಿಚ್ಚಿದರೆ ಏನಾಗುತ್ತದೆ? ಟ್ರೂಎಚ್‌ಡಿಯ ಒಳಗೆ ಹಳೆಯ ಯಂತ್ರಗಳಿಗೂ ಆಗಲಿ ಅಂತ ಒಂದು 7.1 ರೂಪ ಇಟ್ಟಿರುತ್ತಾರೆ. ಪ್ಲೇಯರ್ ಅದನ್ನು ಕೊಡುತ್ತದೆ. ಹೆಲಿಕಾಪ್ಟರ್ ಸದ್ದು ಕಳೆದುಹೋಗುವುದಿಲ್ಲ, ಗೋಡೆಯ ಮಟ್ಟಕ್ಕೆ ಇಳಿಯುತ್ತದೆ. ಎಲ್ಲಿತ್ತು ಎಂಬ ವಿವರ ಉದುರಿಹೋಗುತ್ತದೆ. ಒಮ್ಮೆ ಉದುರಿದ ಮೇಲೆ ರಿಸೀವರ್ ಎಷ್ಟೇ ಬುದ್ಧಿವಂತ ಆಗಿರಲಿ, ಅದನ್ನು ವಾಪಸ್ ತರಲಾರದು.

ಶಿವಮೊಗ್ಗದ ನನ್ನ ಗೆಳೆಯರೊಬ್ಬರ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಮನೆ ಕಟ್ಟಿಸುವಾಗಲೇ ಫಾಲ್ಸ್ ಸೀಲಿಂಗಿನಲ್ಲಿ ಎರಡು ಸ್ಪೀಕರ್ ಕೂರಿಸಿದ್ದರು. ಅಟ್ಮಾಸ್ ಅಂತ ಬರೆದ ಡಿಸ್ಕ್ ಹಾಕಿ ಮಳೆಯ ದೃಶ್ಯ ಕೇಳಿಸಿದರು. ಮೇಲಿನಿಂದ ಸದ್ದು ಬರುತ್ತಲೇ ಇತ್ತು. ಆದರೆ ರಿಸೀವರಿನ ಡಿಸ್‌ಪ್ಲೇಯಲ್ಲಿ 'ಮಲ್ಟಿ ಚಾನೆಲ್ ಇನ್', ಪಕ್ಕದಲ್ಲಿ 'ಡಾಲ್ಬಿ ಸರೌಂಡ್'. ಇದು ಅಟ್ಮಾಸ್ ಅಲ್ಲ ಅಂದೆ. "ಮೇಲಿಂದ ಕೇಳ್ತಾ ಇದೆಯಲ್ಲ ಮಾರಾಯ, ಇನ್ನೇನು ಬೇಕು?" ಅಂದರು. ನ್ಯಾಯವಾದ ಪ್ರಶ್ನೆಯೇ. ಆಗುತ್ತಿದ್ದದ್ದು ಇಷ್ಟು: ಪ್ಲೇಯರ್ 7.1 ಕೊಡುತ್ತಿತ್ತು, ರಿಸೀವರ್ ತನ್ನ ಅಂದಾಜಿನಲ್ಲಿ ಅದರ ಒಂದಷ್ಟು ಭಾಗವನ್ನು ಮೇಲಕ್ಕೆ ಹಂಚುತ್ತಿತ್ತು. ಪ್ಲೇಯರಿನ ಮೆನುವಿನಲ್ಲಿ 'ಸೆಕೆಂಡರಿ ಆಡಿಯೊ' ಆಫ್ ಮಾಡಿ, ಔಟ್‌ಪುಟ್ ಬಿಟ್‌ಸ್ಟ್ರೀಮ್ ಮಾಡಿದೆವು. ಡಿಸ್‌ಪ್ಲೇಯಲ್ಲಿ 'ಡಾಲ್ಬಿ ಅಟ್ಮಾಸ್' ಬಂತು. ಅದೇ ದೃಶ್ಯ ಮತ್ತೆ ಹಾಕಿದಾಗ ಮಳೆ ಮೊದಲಿನಷ್ಟೇ ಚೆನ್ನಾಗಿತ್ತು, ದೊಡ್ಡ ಬದಲಾವಣೆಯೇನೂ ಇಲ್ಲ. ಆದರೆ ಮಹಡಿಯ ಮೇಲೆ ಯಾರೋ ನಡೆಯುವ ಇನ್ನೊಂದು ದೃಶ್ಯದಲ್ಲಿ ಹೆಜ್ಜೆ ನಿಜಕ್ಕೂ ಸೀಲಿಂಗಿನ ಈ ಕಡೆಯಿಂದ ಆ ಕಡೆಗೆ ಹೋಯಿತು. ಮೊದಲು ಅದೇ ಹೆಜ್ಜೆ ಟಿವಿ ಹಿಂದೆ ಎಲ್ಲೋ ಕೇಳುತ್ತಿತ್ತು.

ಆ 'ಸೆಕೆಂಡರಿ ಆಡಿಯೊ' ಸಾಲಿನ ಬಗ್ಗೆ ಒಂದು ಮಾತು. ಇದು ಆನ್ ಇದ್ದರೆ ಪ್ಲೇಯರ್ ಬೇರೆ ಸದ್ದನ್ನು ಬೆರೆಸಲೇಬೇಕು. ಬಿಟ್‌ಸ್ಟ್ರೀಮ್ ಅಂತ ನೀವು ಆರಿಸಿದ್ದರೂ ಅದು ಮೊದಲು ಬಿಚ್ಚಿ, ಬೆರೆಸಿ, ಮತ್ತೆ ಹಳೆಯ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಕಟ್ಟಿ ಕಳಿಸುತ್ತದೆ. ಎರಡೂ ಲೋಕದ ಕೆಟ್ಟದ್ದು ಒಟ್ಟಿಗೆ. ಇದನ್ನು ಮೊದಲಿನಿಂದಲೇ ಆಫ್ ಇಟ್ಟು ಯಾಕೆ ಮಾರುವುದಿಲ್ಲ ಅಂತ ನನಗೆ ಇಂದಿಗೂ ಅರ್ಥವಾಗಿಲ್ಲ.

ಹಾಗಂತ ಎತ್ತರದ ಸದ್ದಿಗೆ ಬಿಟ್‌ಸ್ಟ್ರೀಮ್ ಬೇಕೇಬೇಕು ಎಂಬುದು ಪ್ರಕೃತಿ ನಿಯಮವೇನಲ್ಲ. ಆರೋ-3ಡಿ ಎಂಬ ಬೆಲ್ಜಿಯಂ ಮೂಲದ ವಿಧಾನ ಮೇಲಿನ ಸ್ಪೀಕರುಗಳ ವಿವರವನ್ನು ಪಿಸಿಎಂ ಅಂಕಿಗಳ ಕಟ್ಟಕಡೆಯ ಬಿಟ್‌ಗಳಲ್ಲೇ ಬಚ್ಚಿಡುತ್ತದೆ. ಅದರ ಡಿಸ್ಕನ್ನು ಪ್ಲೇಯರ್ ಬಿಚ್ಚಿ ಕಳಿಸಿದರೂ ರಿಸೀವರ್ ಆ ವಿವರವನ್ನು ಹೆಕ್ಕಿಕೊಳ್ಳುತ್ತದೆ. ಷರತ್ತು ಒಂದೇ, ದಾರಿಯಲ್ಲಿ ಯಾರೂ ಅಂಕಿಗಳನ್ನು ಮುಟ್ಟಬಾರದು. ವಾಲ್ಯೂಮ್ ಚೂರು ಬದಲಿಸಿದರೂ ಬಚ್ಚಿಟ್ಟದ್ದು ಹೋಯಿತು. ಚೆಂದದ ಉಪಾಯ. ಮಾರುಕಟ್ಟೆಯಲ್ಲಿ ಮಾತ್ರ ಅಟ್ಮಾಸ್ ಮುಂದೆ ನಿಲ್ಲಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಟಿವಿ ಸ್ಟ್ಯಾಂಡಿನ ಮೇಲೇ ಕೂತಿದೆ. ಆ್ಯಪಲ್ ಟಿವಿ 4ಕೆ ಬಾಕ್ಸಿಗೆ 2018ರಲ್ಲಿ ಅಟ್ಮಾಸ್ ಬಂತು. ಅದು ಸಿನಿಮಾದ ಸದ್ದನ್ನು ತಾನೇ ಬಿಚ್ಚುತ್ತದೆ. ಬಿಚ್ಚದೆ ಬೇರೆ ದಾರಿಯಿಲ್ಲ, ಯಾಕೆಂದರೆ ಮೆನುವಿನ ಟಿಕ್ ಟಿಕ್, ಸಿರಿಯ ಮಾತು ಎಲ್ಲ ಬೆರೆಸಬೇಕು. ಆದರೆ ವಸ್ತುಗಳ ವಿವರವನ್ನು ಉದುರಿಸುವುದಿಲ್ಲ. ಪಿಸಿಎಂ ಜೊತೆಗೇ ಆ ವಿವರವನ್ನೂ ಹೊತ್ತೊಯ್ಯುವ ಡಾಲ್ಬಿಯ ಮ್ಯಾಟ್ ಎಂಬ ಹೊದಿಕೆಯಲ್ಲಿ ಹಾಕಿ ರಿಸೀವರಿಗೆ ಕೊಡುತ್ತದೆ. ಯಾವ ಸ್ಪೀಕರಿಗೆ ಎಷ್ಟು ಎಂಬ ಕೊನೆಯ ಲೆಕ್ಕ ರಿಸೀವರಿನದೇ. ಆಟದ ಕನ್ಸೋಲುಗಳ ಕಷ್ಟವೂ ಇಂಥದೇ. ಆಟದ ಸದ್ದು ಮೊದಲೇ ಕಟ್ಟಿಟ್ಟದ್ದಲ್ಲ, ನೀವು ಬಟನ್ ಒತ್ತಿದಾಗ ಹುಟ್ಟುವುದು. 2001ರ ಮೊದಲ ಎಕ್ಸ್‌ಬಾಕ್ಸ್ ಆ ಸದ್ದನ್ನು ಆಗಿಂದಾಗಲೇ ಡಾಲ್ಬಿ ಡಿಜಿಟಲ್ ಆಗಿ ಕಟ್ಟಿ ಆಪ್ಟಿಕಲ್ ತಂತಿಯಲ್ಲಿ ಕಳಿಸುತ್ತಿತ್ತು. ಈಗ ಮ್ಯಾಟ್‌ನಿಂದಾಗಿ ಕಳೆದುಕೊಳ್ಳದೆ ಕಳಿಸಬಹುದು.

2006ರಲ್ಲಿ ಸೋತ ವಾದ ಹೀಗೆ ಹಿಂಬಾಗಿಲಿನಿಂದ ವಾಪಸ್ ಬಂತು. ಬೆರೆಸಬೇಕಾದವರು ಬಿಚ್ಚುತ್ತಾರೆ, ಕೋಣೆ ಬಲ್ಲವರು ಹಂಚುತ್ತಾರೆ. ಕೆಲಸ ಇಬ್ಬರಿಗೂ ಪಾಲಾಯಿತು. ಡಿಸ್ಕ್ ಪ್ಲೇಯರುಗಳೂ ಹೀಗೇ ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಅವುಗಳಿಗೆ ಹೊಸದಾಗಿ ದುಡ್ಡು ಹಾಕುವವರೇ ಉಳಿದಿರಲಿಲ್ಲ.

ಕನ್ನಡ ಸಿನಿಮಾ ನೋಡುವವರಿಗೆ ಈ ಸ್ಟ್ರೀಮಿಂಗ್ ದಾರಿಯೇ ಮುಖ್ಯ. ನಮ್ಮ ಸಿನಿಮಾಗಳು ಬ್ಲೂ-ರೇಯಲ್ಲಿ ಬರುವುದು ತೀರಾ ಕಡಿಮೆ. ಸ್ಟ್ರೀಮಿಂಗಿನಲ್ಲಿ ಬರುವ ಅಟ್ಮಾಸ್ ಡಿಸ್ಕಿನದ್ದಲ್ಲ. ಅದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಕಟ್ಟಿದ್ದು, ಕಟ್ಟುವಾಗ ಒಂದಷ್ಟು ಕಳೆಯುತ್ತದೆ. ನೆಟ್‌ಫ್ಲಿಕ್ಸ್ ಅಟ್ಮಾಸ್‌ಗೆ 2019ರಲ್ಲಿ ಹೇಳಿದ ಗರಿಷ್ಠ ದರ ಸೆಕೆಂಡಿಗೆ 768 ಕಿಲೋಬಿಟ್. ಬ್ಲೂ-ರೇಯ ಟ್ರೂಎಚ್‌ಡಿ 18 ಮೆಗಾಬಿಟ್‌ವರೆಗೆ ಏರಬಲ್ಲದು. ಸದ್ದಿನಲ್ಲಿ ಸಿಗುವ ಲಾಭ ನಷ್ಟ ಹೆಚ್ಚಾಗಿ ಇಲ್ಲಿದೆ. ಎಲ್ಲಿ ಬಿಚ್ಚಿದರು ಎಂಬುದಕ್ಕೆ ತಲೆ ಕೆಡಿಸಿಕೊಳ್ಳುವವರು ಏನನ್ನು ಬಿಚ್ಚುತ್ತಿದ್ದೇವೆ ಅಂತ ಮೊದಲು ನೋಡುವುದು ಒಳ್ಳೆಯದು.

ಇನ್ನು ಟಿವಿ. ಟಿವಿಯೊಳಗಿನ ಆ್ಯಪಿನಲ್ಲೇ ಸಿನಿಮಾ ನೋಡುವವರ ಸದ್ದು ಟಿವಿಯಿಂದ ವಾಪಸ್ ಸೌಂಡ್‌ಬಾರಿಗೋ ರಿಸೀವರಿಗೋ ಬರಬೇಕು. ಆ ದಾರಿ ಎಆರ್‌ಸಿ, 2009ರ ಎಚ್‌ಡಿಎಂಐ 1.4ರಲ್ಲಿ ಬಂದದ್ದು. ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಹಿಡಿಸುತ್ತದೆ. ಟ್ರೂಎಚ್‌ಡಿಯೂ ಬಹು ಚಾನೆಲ್ ಪಿಸಿಎಂ ಕೂಡ ಹಿಡಿಸುವುದಿಲ್ಲ. 2017ರ ಎಚ್‌ಡಿಎಂಐ 2.1ರ ಜೊತೆ ಬಂದ ಇಎಆರ್‌ಸಿಯಲ್ಲಿ ಎಲ್ಲವೂ ಹಿಡಿಸುತ್ತವೆ. ಆ್ಯಪಲ್ ಬಾಕ್ಸನ್ನು ಟಿವಿಗೆ ಸಿಕ್ಕಿಸಿ, ಅಲ್ಲಿಂದ ಬರೀ ಎಆರ್‌ಸಿಯಲ್ಲಿ ಸೌಂಡ್‌ಬಾರಿಗೆ ತಂದವರಿಗೆ ಎಷ್ಟೋ ಸಲ ಅಟ್ಮಾಸ್ ಸಿಗದಿರುವುದು ಇದಕ್ಕೇ. ಟಿವಿಯ ಸ್ವಂತ ಆ್ಯಪಿನಲ್ಲಿ ಸಿಗುತ್ತದೆ, ಅದೇ ಸಿನಿಮಾ ಬಾಕ್ಸಿನಲ್ಲಿ ಸಿಗುವುದಿಲ್ಲ. ಬಾಕ್ಸ್ ಕೆಟ್ಟಿದೆ ಅಂತ ಬೈಯುವ ಮೊದಲು ಟಿವಿಯ ಹಿಂದಿನ ಪೋರ್ಟ್ ಪಕ್ಕ 'ಇಎಆರ್‌ಸಿ' ಅಂತಿದೆಯೋ ಬರೀ 'ಎಆರ್‌ಸಿ' ಅಂತಿದೆಯೋ ನೋಡಬೇಕು.

ಟಿವಿ ನಡುವೆ ಬಂದಾಗ ಪಿಸಿಎಂ ಗೆಲ್ಲುವ ಒಂದು ಸಂದರ್ಭವೂ ಇದೆ. ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಬೆಂಬಲ ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಬಿಟ್ಟು 2023ರ ಕೆಲವು ಮಾದರಿಗಳಲ್ಲಿ ಮತ್ತೆ ತಂದಿತು. ಬ್ಲೂ-ರೇ ಡಿಸ್ಕುಗಳಲ್ಲೋ ಡಿಟಿಎಸ್-ಎಚ್‌ಡಿಯೇ ತುಂಬಿಕೊಂಡಿದೆ. ಪ್ಲೇಯರನ್ನು ಇಂಥ ಟಿವಿಗೆ ಸಿಕ್ಕಿಸಿ ಬಿಟ್‌ಸ್ಟ್ರೀಮ್ ಕಳಿಸಿದರೆ ಸೌಂಡ್‌ಬಾರಿನಲ್ಲಿ ಮೌನ, ಅಥವಾ ಬರೀ ಸ್ಟೀರಿಯೊ. ಟಿವಿಗೆ ಅರ್ಥವಾಗದ ಕಟ್ಟನ್ನು ಅದು ದಾಟಿಸಲೂ ಒಪ್ಪುವುದಿಲ್ಲ. ಪ್ಲೇಯರನ್ನು ಪಿಸಿಎಂಗೆ ತಿರುಗಿಸಿದರೆ, ಇಎಆರ್‌ಸಿ ಇದ್ದಲ್ಲಿ, 5.1 ಅಥವಾ 7.1 ಸದ್ದು ಬಹುಪಾಲು ಬಂದು ಸೇರುತ್ತದೆ. ಡಿಟಿಎಸ್:ಎಕ್ಸ್‌ನ ಎತ್ತರ ಮಾತ್ರ ಹೋಗುತ್ತದೆ.

ಹಾಗಾಗಿ ಅಂಗಡಿಯವರ "ಬಿಟ್‌ಸ್ಟ್ರೀಮ್ ಹಾಕಿ ಸಾರ್" ಎಂಬ ಮಾತಿಗೆ ನಾನು ಸೇರಿಸುವುದು ಇಷ್ಟು. ಪ್ಲೇಯರನ್ನು ನೇರ ಅಟ್ಮಾಸ್ ರಿಸೀವರಿಗೆ ಸಿಕ್ಕಿಸಿದ್ದರೆ ಬಿಟ್‌ಸ್ಟ್ರೀಮ್, ಸೆಕೆಂಡರಿ ಆಡಿಯೊ ಆಫ್. ರಿಸೀವರ್ ಹಳೆಯದು, ಎಚ್‌ಡಿಎಂಐ ಇದೆ, ಟ್ರೂಎಚ್‌ಡಿ ಗೊತ್ತಿಲ್ಲ ಅಂದರೆ ಪಿಸಿಎಂ, ಡಿಆರ್‌ಸಿ ಆಫ್. ಸ್ಟ್ರೀಮಿಂಗ್ ಬಾಕ್ಸಿನಲ್ಲಿ ಆಟೊ ಇದ್ದರೆ ಆಟೊಗೇ ಬಿಡಿ. ಎರಡೇ ಸ್ಪೀಕರಿನವರು ಪಿಸಿಎಂ ಸ್ಟೀರಿಯೊ ಹಾಕಿ ನೆಮ್ಮದಿಯಾಗಿ ಸಿನಿಮಾ ನೋಡಬಹುದು. ಎಸ್‌ಪಿ ರೋಡಿನ ಅಸೆಂಬಲ್ಡ್ ಆಂಪ್ಲಿಫೈಯರ್ ಇನ್ನೂ ಇಟ್ಟುಕೊಂಡವರಿಗೆ ಆಪ್ಟಿಕಲ್ ಅಥವಾ ಎಆರ್‌ಸಿ ತೆಗೆದುಕೊಂಡು ಆರು ಆರ್‌ಸಿಎಗೆ ಬಿಚ್ಚಿ ಕೊಡುವ ಅಂಗೈಯಗಲದ ಡಿಕೋಡರ್ ಬೋರ್ಡುಗಳು ಸಿಗುತ್ತವೆ. ಹಳೆಯ ಡಾಲ್ಬಿ ಡಿಜಿಟಲ್‌ನ ಪೇಟೆಂಟುಗಳು 2017ರಲ್ಲೇ ಮುಗಿದಿವೆ.

ಮುಂದಿನ ತಿರುವು ಟಿವಿಯ ಕಡೆಯಿಂದಲೇ ಬರುವ ಹಾಗಿದೆ. 2023ರಲ್ಲಿ ಡಾಲ್ಬಿ ಫ್ಲೆಕ್ಸ್‌ಕನೆಕ್ಟ್ ಎಂಬುದನ್ನು ತೋರಿಸಿತು, ಮೊದಲು ಕೈಗೆತ್ತಿಕೊಂಡದ್ದು ಟಿಸಿಎಲ್. ವೈರ್‌ಲೆಸ್ ಸ್ಪೀಕರುಗಳನ್ನು ಕೋಣೆಯಲ್ಲಿ ಎಲ್ಲಿ ಪ್ಲಗ್ ಸಿಗುತ್ತದೋ ಅಲ್ಲಿಟ್ಟರೆ, ಟಿವಿ ತನ್ನ ಮೈಕಿನಲ್ಲಿ ಕೇಳಿ ಯಾವುದು ಎಲ್ಲಿದೆ ಅಂತ ತಿಳಿದು ಅಟ್ಮಾಸ್ ಸದ್ದನ್ನು ಹಂಚುತ್ತದೆ. ಅಂದರೆ ಕೋಣೆ ಬಲ್ಲ ಪೆಟ್ಟಿಗೆ ಈಗ ಟಿವಿಯೇ. ನನ್ನ ಅಳತೆಗೋಲಿನ ಪ್ರಕಾರ ಅಂಥ ಮನೆಯಲ್ಲಿ ಡಿಕೋಡ್ ಮಾಡುವ ಹಕ್ಕೂ ಟಿವಿಗೇ ಸೇರಬೇಕು, ಸ್ಟ್ರೀಮಿಂಗ್ ಮಟ್ಟಿಗೆ ಅದು ಸರಿಯಾದದ್ದೇ. ತೊಡಕು ಡಿಸ್ಕಿನವರಿಗೆ. ಬಹುಪಾಲು ಟಿವಿಗಳು ಟ್ರೂಎಚ್‌ಡಿಯನ್ನು ಇಎಆರ್‌ಸಿಯಲ್ಲಿ ಮುಂದಕ್ಕೆ ದಾಟಿಸುತ್ತವೆಯೇ ಹೊರತು ತಾವೇ ಬಿಚ್ಚುವುದಿಲ್ಲ. ಕಪಾಟಿನಲ್ಲಿ ಬ್ಲೂ-ರೇ ಸಾಲು ಇಟ್ಟುಕೊಂಡವರು ಹೊಸ ಟಿವಿ ನೋಡಿ ರಿಸೀವರನ್ನು ಓಎಲ್‌ಎಕ್ಸ್‌ಗೆ ಹಾಕುವ ಮೊದಲು ಆ ಟಿವಿಯ ಆಡಿಯೊ ಪಟ್ಟಿಯಲ್ಲಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎರಡೂ ಇವೆಯೇ ಅಂತ ಓದಿಕೊಳ್ಳಿ. ಸದ್ಯಕ್ಕೆ ಆ ಎರಡೂ ಹೆಸರು ಒಟ್ಟಿಗೆ ಖಚಿತವಾಗಿ ಸಿಗುವುದು ರಿಸೀವರಿನ ಡಬ್ಬದ ಮೇಲೆಯೇ.